ಎಣಿಸಬಾರದ ಕುರಿಗಳ ಬಜೆಟ್

ನನ್ನ ಒಂದು ಪ್ರಶ್ನೆಗೂ ನೇರ ಉತ್ತರ ಕೊಡದೆ ಹೋದ ಅಪ್ಪನಿಗೆ,

ನಿನಗೆ ಓದಲು ಬರುತ್ತಿರಲಿಲ್ಲ, ಗೊತ್ತು. ಅಲ್ಲಿ ಓದು ಬಲ್ಲವರು ಯಾರಾದರೂ ಸಿಕ್ಕಾರು, ಓದಿಸಿಕೊ. ಬೈಗುಳ ಬಂದ ಕಡೆ ದನಿ ತಗ್ಗಿಸಬೇಡಿ ಎಂದು ಅವರಿಗೆ ಹೇಳು.

ನಮ್ಮೂರು ಬೋರಾಮಣಿಯ ಮಾಳದಲ್ಲಿ ನಿನ್ನ ಹಿಂದೆ ಓಡುತ್ತ, "ಅಪ್ಪಾ, ನಮ್ಮವು ಎಷ್ಟ ಕುರಿ ಅದಾವ?" ಎಂದು ಕೇಳಿದ್ದೆ, ನೆನಪಿದೆಯಾ? ನೀನು ಗಾಬರಿಯಾಗಿ ನನ್ನ ಬಾಯಿ ಮುಚ್ಚಿದೆ. "ಎಣಸಬಾರ್ದು ಯವ್ವಾ, ದೃಷ್ಟಿ ಆಗ್ತದ. ಬೀರಪ್ಪದೇವ್ರು ಕೊಟ್ಟಷ್ಟು ಅದಾವ." ಮುಗಿಯಿತು ಲೆಕ್ಕ. ಆ ಹಟಕ್ಕೇ ಇರಬೇಕು, ನಾನು ಗಣಿತದ ಶಿಕ್ಷಕಿಯಾದೆ. ಈಗ ಅಕ್ಕಲಕೋಟದ ಹತ್ತಿರದ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿಗೆ ಕಲಿಸುತ್ತೇನೆ.

ಹೋದ ವರ್ಷ ಮೇಲಿನಿಂದ ಒಂದು ಹೊಸ ಪುಸ್ತಕ ಬಂತು. ಪ್ರತಿ ಶನಿವಾರ ಮಕ್ಕಳಿಗೆ ಹಣಕಾಸು ಕಲಿಸಬೇಕಂತೆ: ಆದಾಯ, ಖರ್ಚು, ಉಳಿತಾಯ, ಬಜೆಟ್. ಮೊದಲ ಸಾಲಿನಲ್ಲೇ "ತಿಂಗಳ ಸಂಬಳ". ಯಾರ ಮನೆಯಲ್ಲಿದೆ ಸಂಬಳ? ಅದನ್ನು ಹೊಡೆದುಹಾಕಿ, ಮನೆಯಲ್ಲಿ ಏನೇನಿದೆ ಬರೆಯಿರಿ ಎಂದೆ. ಕುರಿಗಾರರ ಮಕ್ಕಳೆಲ್ಲ "ಕುರಿ" ಎಂದು ಬರೆದು, ಎಷ್ಟು ಎಂಬ ಜಾಗವನ್ನು ಖಾಲಿ ಬಿಟ್ಟು ಕುಳಿತರು. "ಎಣಸಂಗಿಲ್ರಿ ಮೇಡಂ!" ಬೆಂಚು ಬೆಂಚಿನ ಮೇಲೂ ನೀನೇ ಕುಳಿತಂತೆ ಕಂಡು ನನಗೆ ಮೈಯೆಲ್ಲ ಉರಿಯಿತು. ಎಣಿಸದೆ ಬಜೆಟ್ ಮಾಡುವುದು ಹೇಗೆ, ನೀನೇ ಹೇಳು?

ಮೊದಲ ಬೆಂಚಿನ ಮಾಳವ್ವ ಮಾತ್ರ ಕೈ ಎತ್ತಿದಳು. ಅವಳಿಗೆ ಹನ್ನೊಂದನೆಯ ತರಗತಿಗೆ ಅಕ್ಕಲಕೋಟಕ್ಕೆ ಹೋಗುವ ಆಸೆ. ಅವಳಪ್ಪ ರೊಕ್ಕವಿಲ್ಲ, ದೀಪಾವಳಿಯ ನಂತರ ಮದುವೆ ಎಂದಿದ್ದ. "ಎಣಸಂಗಿಲ್ಲ ಖರೆ, ಹೆಸರ ಹೇಳಬಹುದಲ್ರಿ?" ಎಂದಳು. ಹೆಸರಿಡುವ ದಿನ ಹೆಣ್ಣುಮಗುವಿಗೆ ಒಂದು ಹೆಣ್ಣುಮರಿ ಕೊಡುವುದು ನಮ್ಮಲ್ಲಿ ಇದ್ದದ್ದೇ; ಅದರ ಸಂತಾನವೆಲ್ಲ ಆ ಮಗಳದ್ದು. ಅವಳು ಶುರು ಮಾಡಿದಳು: "ಕರಿಮಾರಿ. ಆಕಿ ಮಗಳ ಚುಕ್ಕಿ. ಚುಕ್ಕಿ ಮಗಳ ಬಿಳಿಕಿವಿ..." ಅವಳು ಹೇಳುತ್ತ ಹೋದಳು, ನಾನು ಹಲಗೆಯ ಮೇಲೆ ಒಂದೊಂದು ಗೆರೆ ಎಳೆಯುತ್ತ ಹೋದೆ. ವರ್ಷಕ್ಕೆ ಹುಟ್ಟುವ ಗಂಡುಮರಿಗಳನ್ನಷ್ಟೇ ಮಾರಿದರೂ ಅವಳ ಎರಡು ವರ್ಷದ ಫೀಸು, ಪುಸ್ತಕ ಎಲ್ಲ ಕಳೆದು ಇನ್ನೂ ಮಿಗುತ್ತಿತ್ತು. ಇಡೀ ತರಗತಿ ಬಾಯಿ ಬಿಟ್ಟು ನೋಡಿತು.

ಸೋಮವಾರ ಬೆಳಿಗ್ಗೆ ಅವಳಪ್ಪ ಶಾಲೆಯ ಅಂಗಳದಲ್ಲಿ ನಿಂತಿದ್ದ. "ಮೇಡಂರಿ, ನನ್ನ ಹಿಂಡಿಗಿ ಗೆರಿ ಹಾಕಾಕ ನಿಮಗ ಯಾರ ಹೇಳಿದ್ರು? ನಿನ್ನಿ ಒಂದ ಮರಿ ಸತ್ತದ!" ಮರಿ ಸತ್ತದ್ದು ನನ್ನ ಸೀಮೆಸುಣ್ಣದಿಂದಂತೆ! ಗೆರೆ ಅಳಿಸಬೇಕಂತೆ, ಹಲಗೆ ಒರೆಸಿ ಎರಡು ದಿನವಾಗಿತ್ತು. ನನಗೂ ತಾಳ್ಮೆ ತಪ್ಪಿತು. "ಆಕಿ ಕುರಿ ಆಕೀವ ಹೌದೊ ಅಲ್ಲೊ, ಅಷ್ಟ ಹೇಳ್ರಿ," ಎಂದೆ.

"ಆಕೀವ. ಬೀರಪ್ಪನ ಆಣಿ, ಆಕೀವ."

"ಮತ್ತೇನ್ ತಕರಾರು?"

"ಆಕಿ ಸಾಲಿಗಿ ಹೋದ್ರ ಅವನ್ನ ಕಾಯಾವ್ರ ಯಾರ್ರಿ? ನೀವ್ ಕಾಯ್ತೀರೇನು?"

ಪುಸ್ತಕ ಬರೆದವರಿಗೆ ಇದು ಹೊಳೆದೇ ಇರಲಿಲ್ಲ. ನನಗೂ ಹೊಳೆದಿರಲಿಲ್ಲ, ಅದೇ ನನ್ನ ಸಿಟ್ಟು. ಬಾಗಿಲಲ್ಲಿ ನಿಂತಿದ್ದ ಮಾಳವ್ವ, "ಪಾಲಿಗಿ ಹಾಕೂಣಪ್ಪಾ," ಎಂದಳು. ಹುಟ್ಟುವ ಮರಿಗಳಲ್ಲಿ ಸಾಕಿದವರಿಗೆ ಅರ್ಧ, ಒಡತಿಗೆ ಅರ್ಧ. "ಹುಡಿಗಿ ಜೋಡಿ ಪಾಲಿನ ಮಾತ ಯಾವಾಂವ ಆಡ್ತಾನ?" ಎಂದು ಅವನು ನಕ್ಕ. ಆ ನಗೆ ಕೇಳಿ ನನ್ನ ಬಾಯಿಂದ ತಟ್ಟನೆ ಬಂದುಬಿಟ್ಟಿತು: "ನನ್ನ ತಮ್ಮ ಆಡ್ತಾನ." ಅರ್ಧ ಪಾಲಿನಲ್ಲಿ ಫೀಸು ಹೊಂದುತ್ತದೆಯೇ ಎಂದು ಆಮೇಲೆ ಲೆಕ್ಕ ಹಾಕಿದೆ. ಪುಣ್ಯಕ್ಕೆ ಹೊಂದಿತು; ತಮ್ಮನೂ, ಗೊಣಗುತ್ತಲೇ ಅವಳಪ್ಪನೂ ಒಪ್ಪಿದರು.

ಜೂನಿನಲ್ಲಿ ಟೆಂಪೊದಲ್ಲಿ ಮಾಳವ್ವನ ಕುರಿಗಳು ಬೋರಾಮಣಿಗೆ ಬಂದವು. ನೀನು ಬಿಟ್ಟುಹೋದ ಹಿಂಡನ್ನು ಈಗ ತಮ್ಮ ಸಿದ್ದು ಕಾಯುತ್ತಾನೆ, ನಿನ್ನದೇ ಗತ್ತು, ನಿನ್ನದೇ ಮೌನ. ಕುರಿಗಳನ್ನು ಇಳಿಸಿ, ಮಾಳವ್ವ ಸಹಜವಾಗಿ ಕೇಳಿದಳು: "ಮಾಮಾ, ನಮ್ಮ ಮೇಡಂದವು ಯಾವ್ವುರಿ?"

ಅಪ್ಪಾ, ನನ್ನವು ಎಂದೋ ಹೋದವು ಎಂದುಕೊಂಡಿದ್ದೆ. ನನ್ನ ಮದುವೆಯ ಖರ್ಚಿಗೆ ನೀನು ಮಾರಿರಬೇಕು ಎಂದು ಮೊದಲು ಮುನಿಸಿಕೊಂಡು, ಆಮೇಲೆ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ್ದೆ. ಸಿದ್ದು ಕೋಲೆತ್ತಿ ಹಿಂಡಿನ ಒಂದು ಮಗ್ಗುಲಿಗೆ ತೋರಿಸಿದ.

"ಅವು ಎಲ್ಲಾ ಅಕ್ಕನವ. ಅಪ್ಪ ಹೇಳಿ ಹೋಗ್ಯಾನ, ಆಕಿ ಕೇಳಿದ್ರ ಕೊಡು ಅಂತ. ನೀ ಯಾವಾಗ ಕೇಳಿದಿ ಅಕ್ಕಾ?"

ಕೇಳಿದರೆ! ಕೇಳಿದಾಗ ಬಾಯಿ ಮುಚ್ಚಿಸಿದವನು ನೀನೇ ಅಲ್ಲವೇ? ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಇಷ್ಟು ವರ್ಷ ನಿನ್ನನ್ನು ಕ್ಷಮಿಸಿದ್ದೂ ದಂಡವಾಯಿತಲ್ಲ! ಆ ಮಾಳದಲ್ಲಿ, ಆ ಹುಡುಗಿಯ ಮುಂದೆ, ನಾನು ಅತ್ತುಬಿಟ್ಟೆ. ಸಿಟ್ಟಿಗೋ ಏನೋ...

ಮಾಳವ್ವ ಕಾಲೇಜು ಸೇರಿದ್ದಾಳೆ. ಮದುವೆಯ ಮಾತು ಸದ್ಯಕ್ಕೆ ನಿಂತಿದೆ. ಇನ್ನೊಂದು ಸುದ್ದಿ: ನೀನು ಹೋದ ಮೇಲೆ ನನಗೊಬ್ಬ ಮಗಳು ಹುಟ್ಟಿದ್ದಾಳೆ. ನಾನು ಅತ್ತ ದಿನದ ಮರುಭಾನುವಾರವೇ ಅವಳನ್ನು ಮಾಳಕ್ಕೆ ಕರೆದೊಯ್ದು, ಒಂದು ಹೆಣ್ಣುಮರಿಯ ಬೆನ್ನ ಮೇಲೆ ಅವಳ ಕೈ ಇಡಿಸಿ, "ಇದು ನಿನ್ನದು, ಇದಕ್ಕೆ ಹುಟ್ಟುವ ಮರಿಗಳೆಲ್ಲ ನಿನ್ನವೇ," ಎಂದು ಸಿದ್ದುವಿನ ಎದುರಿಗೇ ಹೇಳಿದೆ. ಅವಳೇನೂ ಕೇಳಿರಲಿಲ್ಲ ಅಪ್ಪಾ. ಆದರೂ ಹೇಳಿದೆ.

ನಿನ್ನ ಮಗಳು