ಮಾದಯ್ಯನ ಹೆಸರಿನಲ್ಲಿ ಬರೆದ ಅರ್ಜಿ

ಹೆಡ್‌ಮಾಸ್ಟರ್ ಸಾರ್ ಅವರಿಗೆ,

'ಪೂಜ್ಯರೇ' ಎಂದು ಶುರು ಮಾಡಿ ಹೊಡೆದು ಹಾಕಿದೆ. ನಿಮ್ಮ ಶ್ರದ್ಧಾಂಜಲಿ ಸಭೆಯಲ್ಲಿ ಆ ಮಾತನ್ನು ಮೂರು ಸಲ ಹೇಳಿದ್ದೇನೆ, ಅಷ್ಟು ಸಾಕು. ನೀವು ಹೋಗಿ ನಾಲ್ಕು ತಿಂಗಳಾಯಿತು. ನಿಮ್ಮ ಕುರ್ಚಿಯಲ್ಲಿ ಈಗ ನಾನು ಕೂತಿದ್ದೇನೆ, ಪ್ರಭಾರ ಮುಖ್ಯ ಶಿಕ್ಷಕಿ ಅಂತ. ಸೇವಾ ಹಿರಿತನದಲ್ಲಿ ನಿಮ್ಮ ನಂತರ ನಾನೇ ಇದ್ದೆನಲ್ಲ, ಇಲಾಖೆಯವರಿಗೂ ಬೇರೆ ಗತಿ ಇರಲಿಲ್ಲ. ಸತ್ತವರ ಮೇಲೆ ಸಿಟ್ಟು ಬೇಡ ಎಂದು ನಮ್ಮ ಮನೆಯಲ್ಲೂ ಹೇಳಿದರು. ಬೇಡ ಅಂದರೆ ಹೋಗುತ್ತದೆಯೇ? ಹೇಳಿಯೇ ಬಿಡುತ್ತೇನೆ ಸಾರ್.

ಪ್ರತಿ ವರ್ಷದ ಜೂನ್ ಮೊದಲ ವಾರ ನೆನಪಿದೆಯೇ? ಒಂಬತ್ತನೇ ತರಗತಿಯ ಅಂಕಪಟ್ಟಿಯನ್ನು ಮೇಜಿನ ತುಂಬ ಹರಡಿಕೊಂಡು ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುತ್ತಿದ್ದಿರಿ. ಮೇಲಿನ ಗೆರೆಯವರು ಹತ್ತನೇ ತರಗತಿಯ ಎ ಸೆಕ್ಷನ್. ಫ್ಯಾನ್ ಇರುವ ಕೊಠಡಿ, ಪಳಗಿದ ಮೇಷ್ಟ್ರುಗಳು. ಕೆಳಗಿನವರು ಡಿ ಸೆಕ್ಷನ್; ಸೈಕಲ್ ಸ್ಟ್ಯಾಂಡ್ ಪಕ್ಕದ ಶೀಟಿನ ಕೊಠಡಿ, ಆ ವರ್ಷ ಯಾರು ಸಿಕ್ಕರೆ ಆ ಅತಿಥಿ ಶಿಕ್ಷಕರು. ಕೊಳ್ಳೇಗಾಲ, ಹನೂರಿನ ಹಳ್ಳಿಹಳ್ಳಿಯಿಂದ ಬಸ್ಸು ತುಂಬಿಕೊಂಡು ಬರುವ ಮಕ್ಕಳನ್ನು ಹೀಗೆ ವಿಂಗಡಿಸದಿದ್ದರೆ ಇಷ್ಟು ದೊಡ್ಡ ಶಾಲೆ ನಡೆಯುವುದಿಲ್ಲ ಎನ್ನುತ್ತಿದ್ದಿರಿ. ಡಿ ಸೆಕ್ಷನ್ನಿಗೂ ಕೆಳಗೆ ಇನ್ನೊಂದು ಗೆರೆ ಇತ್ತಲ್ಲ, ಅದರ ಮಾತು ಶ್ರದ್ಧಾಂಜಲಿ ಸಭೆಯಲ್ಲಿ ಯಾರೂ ಎತ್ತಲಿಲ್ಲ. ಆ ಗೆರೆಯ ಕೆಳಗಿನ ಐದಾರು ಮಕ್ಕಳಿಗೆ ಹತ್ತನೇ ತರಗತಿಯೇ ಇರಲಿಲ್ಲ. ಅವರು ಪರೀಕ್ಷೆಗೆ ಕೂತರೆ ಗೇಟಿನ ಬೋರ್ಡಿನ ಮೇಲೆ ಪ್ರತಿ ವರ್ಷ ಬರೆಸುತ್ತಿದ್ದ 'ನೂರಕ್ಕೆ ನೂರು' ಫಲಿತಾಂಶ ಕೆಡುತ್ತಿತ್ತು.

"ನಿಮ್ಮ ಅಕ್ಷರ ಮುತ್ತಿನ ಹಾಗಿದೆ ಟೀಚರೇ, ನೀವೇ ಬರೀರಿ" ಎಂದು ಮೊದಲ ಸಲ ಹಾಳೆ ಮುಂದಿಟ್ಟ ದಿನ ನಾನು ಹಿಗ್ಗಿದ್ದೆ. ಎಂಥ ದಡ್ಡಿ ನಾನು. ಬರೆಯಬೇಕಾಗಿದ್ದದ್ದು ತಂದೆತಾಯಿಗಳ ಅರ್ಜಿ. 'ನನ್ನ ಮಗಳ ವರ್ಗಾವಣೆ ಪತ್ರವನ್ನು ಸ್ವಇಚ್ಛೆಯಿಂದ ಪಡೆಯುತ್ತಿದ್ದೇನೆ, ಶಾಲೆಯ ಒತ್ತಾಯ ಯಾವುದೂ ಇರುವುದಿಲ್ಲ.' ಹೆಸರನ್ನು ದಾಖಲಾತಿ ಪುಸ್ತಕ ನೋಡಿಕೊಂಡು ತುಂಬುವುದು, ಬಂದವರಿಂದ ಹೆಬ್ಬೆಟ್ಟು ಒತ್ತಿಸುವುದು. ಆಗುವುದಿಲ್ಲ ಎನ್ನಲು ನನಗೆ ಬಾಯಿ ಇರಲಿಲ್ಲವೇ? ಇತ್ತು. ಕಾಡಂಚಿನ ಯಾವುದೋ ಶಾಲೆಗೆ ಎತ್ತಿ ಹಾಕಿಸುತ್ತೀರಿ ಎಂಬ ಭಯವೂ ಇತ್ತು. ಫಲಿತಾಂಶದ ದಿನ ಶಾಲು ಹೊದ್ದುಕೊಂಡು ಫೋಟೋಗೆ ನಿಂತವರಲ್ಲಿ ನಾನೂ ಒಬ್ಬಳು, ಅದನ್ನೂ ಮುಚ್ಚಿಡುವುದಿಲ್ಲ.

ಈ ಜೂನಿನಲ್ಲಿ ಶಾಗ್ಯ ಊರಿನ ಚಿಕ್ಕತಾಯಮ್ಮ ಕೂಲಿ ಬಿಟ್ಟು ಬಂದು ನಿಮ್ಮ ಮುಂದೆ ನಿಂತಿದ್ದಳು. ಮಗಳು ಮಾದೇವಿ ಬಾಗಿಲ ಹತ್ತಿರ ಬ್ಯಾಗು ಹಾಕಿಕೊಂಡೇ ಇದ್ದಳು.

"ನಮ್ ಕೂಸು ದಡ್ಡಿ ಅಲ್ಲ ಕಣ್ ಸಾ, ವಸಿ ನಿಧಾನ ಅಷ್ಟೆಯ. ಇಲ್ಲೇ ಇರ್ಲಿ ಸಾ."

ನೀವು ಎಷ್ಟು ನಯವಾಗಿ ಮಾತಾಡಿದಿರಿ. "ನೋಡಮ್ಮ, ನಿನ್ ಮಗಳ ಒಳ್ಳೇದಕ್ಕೇ ಹೇಳ್ತಿರೋದು. ಫೇಲಾದ್ರೆ ಕುಗ್ಗಿಹೋಗ್ತಾಳೆ. ಬೇರೆ ಕಡೆ ಸೇರಿಸು, ಇಲ್ಲ ಮುಂದಿನ ವರ್ಷ ಖಾಸಗಿಯಾಗಿ ಪರೀಕ್ಷೆ ಕಟ್ಟಿಸು." ನಿಮ್ಮ ಸ್ವಂತ ಮಗಳಾಗಿದ್ದರೆ... ಹೋಗಲಿ. ಆ ತಾಯಿ ನೀವು ತೋರಿಸಿದ ಜಾಗಕ್ಕೆ ಹೆಬ್ಬೆಟ್ಟು ಒತ್ತಿದಳು. ಮಾದೇವಿ ನನ್ನನ್ನೇ ನೋಡುತ್ತಿದ್ದಳು. ಒಂಬತ್ತರಲ್ಲಿ ಅವಳಿಗೆ ಗಣಿತ ಹೇಳಿಕೊಟ್ಟವಳು ನಾನಲ್ಲವೇ. ನಾನು ಪೆನ್ನಿನ ಕ್ಯಾಪು ಹಾಕುತ್ತ ಕೂತೆ.

ನಿಮ್ಮ ತಿಥಿ ಮುಗಿದ ವಾರ ಅವರಿಬ್ಬರೂ ಮತ್ತೆ ಬಂದರು. ಬೇರೆ ಯಾವ ಶಾಲೆಯವರೂ ಸೇರಿಸಿಕೊಂಡಿರಲಿಲ್ಲ. ಅವರಿಗೂ ಅವರ ಬೋರ್ಡು ಇರುತ್ತದಲ್ಲ. ಕೇಳಿ ಸಾರ್, ನಿಮ್ಮ ಕುರ್ಚಿಯಲ್ಲಿ ಕೂತ ತಕ್ಷಣ ನಿಮ್ಮ ದನಿಯೇ ನನಗೂ ಬಂತು. "ನಿಮ್ಮ ಯಜಮಾನರೇ ಅರ್ಜಿ ಕೊಟ್ಟಿದ್ದಾರಲ್ಲಮ್ಮ" ಎಂದು, ಹೆಬ್ಬೆಟ್ಟು ಅವಳದೇ ಎಂದು ಗೊತ್ತಿದ್ದೂ, ಫೈಲು ತೆಗೆಸಿ ಗಟ್ಟಿಯಾಗಿ ಓದಿದೆ. 'ಮಾದಯ್ಯ ಆದ ನಾನು ಸ್ವಇಚ್ಛೆಯಿಂದ...'

ಚಿಕ್ಕತಾಯಮ್ಮ ನನ್ನ ಮುಖ ನೋಡಿದಳು. "ಅವ್ರು ತೀರ್ಕಂಡು ಎಲ್ಡು ವರ್ಸ ಆಯ್ತು ಕಣವ್ವ. ಈ ಕೂಸು ಎಂಟ್ನೆ ಕಿಲಾಸಲ್ಲಿತ್ತು. ನಿಮ್ ಅರ್ಜಿಗೆ ಎದ್ ಬಂದಿದ್ರಾ?"

ನಾನು ಪುಸ್ತಕ ನೋಡಿ ತುಂಬಿದ್ದೆ. ಪುಸ್ತಕದಲ್ಲಿ ಮಾದಯ್ಯ ಬದುಕಿದ್ದ. ಇಡೀ ವರ್ಷ ಪಾಠ ಮಾಡಿದ ಹುಡುಗಿಗೆ ಅಪ್ಪ ಇಲ್ಲ ಎಂಬುದು ನನಗೆ ಗೊತ್ತಿರಲಿಲ್ಲ, ಅವಳನ್ನು ಹೊರಗೆ ಹಾಕಿದ ನಿಮಗೂ ಗೊತ್ತಿರಲಿಲ್ಲ. ನಮಗೆ ಅವಳ ಅಂಕ ಮಾತ್ರ ಗೊತ್ತಿತ್ತು. ನನಗೆ ಅಷ್ಟು ನಾಚಿಕೆ ಜನ್ಮದಲ್ಲಿ ಆಗಿರಲಿಲ್ಲ.

ಅವರು ವರಾಂಡದಲ್ಲಿ ಕೂತಿರುವಾಗಲೇ ನಿಮ್ಮ ಗುಮಾಸ್ತ ಪುಟ್ಟಸ್ವಾಮಿ ಉಪಾಯ ಹೇಳಿದ. "ಅದ್ಕ್ಯಾಕ್ ತಲೆ ಕೆಡುಸ್ಕತೀರಿ ಮೇಡಂ, ಅದನ್ನ ಅರ್ದಾಕಿ ಅವ್ವನ ಎಸ್ರಲ್ಲಿ ಇನ್ನೊಂದು ಬರದ್ಬುಡಿ." ನಿಮ್ಮ ಹತ್ತಿರ ಕಲಿತದ್ದು. ಸುಳ್ಳೇಕೆ, ಒಂದು ಗಳಿಗೆ ನಾನೂ ಹಾಳೆ ಎಳೆದುಕೊಂಡೆ. ಆಮೇಲೆ ಆ ಹಾಳೆಯಲ್ಲೇ ಬಿಇಒ ಕಚೇರಿಗೆ ಬರೆದೆ: ಸತ್ತವರ ಹೆಸರಿನಲ್ಲಿ ಅರ್ಜಿ ಬರೆದವಳು ನಾನು, ಬರೆಸಿದವರು ಹಿಂದಿನ ಮುಖ್ಯ ಶಿಕ್ಷಕರು, ಈ ವರ್ಗಾವಣೆ ಪತ್ರ ಊರ್ಜಿತವಲ್ಲ, ರದ್ದು ಮಾಡಿ ಹುಡುಗಿಯನ್ನು ತರಗತಿಗೆ ಸೇರಿಸಿಕೊಳ್ಳುತ್ತಿದ್ದೇನೆ. ಹಳೆಯ ವರ್ಷಗಳ ಅರ್ಜಿಗಳನ್ನೂ ಲಗತ್ತಿಸಿದೆ. ಬೇರೆ ಬೇರೆ ಊರು, ಬೇರೆ ಬೇರೆ ಅಪ್ಪಂದಿರು, ಎಲ್ಲವೂ ನನ್ನದೇ ಕೈ. ಕುರುಡರಿಗೂ ಗೊತ್ತಾಗುತ್ತದೆ.

ಸ್ಟಾಫ್ ರೂಮಿನಲ್ಲಿ ಈಗ ನನ್ನ ಜೊತೆ ಊಟಕ್ಕೆ ಕೂರುವವರು ಒಬ್ಬಿಬ್ಬರು. "ಸತ್ತವರ ಹೆಸರಿಗೆ ಮಸಿ ಬಳಿದ್ರಲ್ಲ ಮೇಡಂ" ಎಂದು ಮುಖಕ್ಕೇ ಹೇಳಿದರು. ಮಸಿ ಯಾರದ್ದು ಸಾರ್? ನನಗೆ ಕಾರಣ ಕೇಳಿ ನೋಟಿಸು ಬಂದಿದೆ. ಬಡ್ತಿ ನಿಲ್ಲಬಹುದು, ಅದಕ್ಕಿಂತ ಹೆಚ್ಚೂ ಆಗಬಹುದು. ನಿಮಗೆ ನೋಟಿಸು ಕೊಡುವ ಹಾಗಿಲ್ಲ, ಆರಾಮಾಗಿ ಹೋದಿರಿ. ಉತ್ತರ ಕೊಡಲು ನೀವೂ ಇರಬೇಕಾಗಿತ್ತು, ನನಗಿರುವ ಸಿಟ್ಟೇ ಅದು.

ಇನ್ನು ಸುದ್ದಿ. ಗೆರೆ ಅಳಿಸಿದ್ದೇನೆ. ಸೆಕ್ಷನ್ನುಗಳನ್ನು ಬೆರೆಸಿಬಿಟ್ಟೆ, ಶೀಟಿನ ಕೊಠಡಿಗೆ ಈಗ ಎಲ್ಲ ಸೆಕ್ಷನ್ನಿನವರೂ ಸರದಿಯಲ್ಲಿ ಹೋಗುತ್ತಾರೆ, ಗಣಿತಕ್ಕೆ ನಾನೂ ಹೋಗುತ್ತೇನೆ. ನಿಮ್ಮ ಎ ಸೆಕ್ಷನ್ನಿನ ಅಪ್ಪಂದಿರು ಜಗಳಕ್ಕೆ ಬಂದರು, ಬರಲಿ. ಈ ಸಲ ನೂರಕ್ಕೆ ನೂರು ಬರುವುದಿಲ್ಲ. ಮಾದೇವಿಗೆ ಮೊನ್ನೆಯ ಕಿರುಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ನಾಲ್ಕು. ನಿನ್ನೆ ಅವಳ ಪರೀಕ್ಷಾ ಅರ್ಜಿ ತುಂಬುವಾಗ ತಂದೆಯ ಹೆಸರಿನ ಹಿಂದೆ ದಿವಂಗತ ಎಂದು ಅವಳಿಂದಲೇ ಬರೆಸಿದೆ. ನಿಮ್ಮ ಮಾತು ಇನ್ನೂ ನನ್ನ ತಲೆಯಿಂದ ಹೋಗಿಲ್ಲವಲ್ಲ, ಬಾಯಿ ತಡೆಯದೆ ಕೇಳಿಯೂ ಬಿಟ್ಟೆ, "ಫೇಲಾದ್ರೆ ಏನ್ ಮಾಡ್ತೀಯ ಮಾದೇವಿ?"

ಅವಳು ತಲೆ ಎತ್ತದೆ ಸಹಿ ಹಾಕುತ್ತ ಹೇಳಿದಳು, "ಆದ್ರೆ ಇಲ್ಲೇ ಫೇಲಾಯ್ತೀನಿ ಮಿಸ್. ಇದು ನಮ್ ಇಸ್ಕೂಲು."