ಗೋಡೆ ಪಕ್ಕದ ಮೆಟ್ಟಿಲು

ಗುರುವಾರ, ಸಂಜೆ
ನನ್ನ ತರಗತಿಯಿಂದ

ಪ್ರೀತಿಯ ಅಮ್ಮನಿಗೆ,

ಇವತ್ತು ಬೆಳಿಗ್ಗೆ ತರಗತಿಗೆ ಬಂದು ಹೆಗಲ ಚೀಲ ಇಳಿಸುವಾಗ ನೋಡಿಕೊಂಡೆ, ನನ್ನ ಎಡತೋಳಿನ ಮೇಲೆ ಸುಣ್ಣ ಇರಲಿಲ್ಲ. ಪತ್ರ ಬರೆದು ತಿಳಿಸುವಂಥ ಸಂಗತಿಯೇ ಇದು ಅನ್ನುತ್ತೀಯ. ಆದರೆ ಕಳೆದ ರಜೆಯಲ್ಲಿ ಮನೆಗೆ ಬಂದಾಗ ನನ್ನ ಬಟ್ಟೆ ಒಗೆಯುತ್ತಾ ಗೊಣಗಿದವಳು ನೀನೇ: "ಏನೇ ಇದು, ಯಾವ ಬಟ್ಟೆ ತಗೊಂಡ್ರೂ ಎಡತೋಳಿಗೇ ಸುಣ್ಣ? ಪಾಠ ಹೇಳ್ತೀಯೋ, ಗೋಡೆ ಬಳೀತೀಯೋ?" ಅದಕ್ಕೆ ಉತ್ತರ ನಿನ್ನೆ ಸಿಕ್ಕಿತು. ಹತ್ತು ವರ್ಷದ ಹುಡುಗಿಯೊಬ್ಬಳು ಎಲ್ಲರೆದುರೇ ಹೇಳಿಬಿಟ್ಟಳು.

ಅದನ್ನು ಬರೆಯುವ ಮೊದಲು ಈ ಶಾಲೆಯ ವಿಷಯ ಸ್ವಲ್ಪ ಹೇಳಬೇಕು. ಮೂರು ತಿಂಗಳಿಂದ ನೀನು ಕೇಳುತ್ತಲೇ ಇದ್ದೀಯ, ನಾನು "ಚೆನ್ನಾಗಿದೆ" ಎಂದು ಒಂದೇ ಪದದಲ್ಲಿ ಮುಗಿಸುತ್ತಿದ್ದೇನೆ. ಖಾಸಗಿ ಶಾಲೆ ಎಂದರೆ ಟೈ, ಬೂಟು, ಮೊದಲ ರ‍್ಯಾಂಕಿನವರ ಫೋಟೊ ಎಂದು ನೀನು ಅಂದುಕೊಂಡಿದ್ದೀಯ. ನಾನೂ ಹಾಗೇ ಅಂದುಕೊಂಡು ಬಂದವಳು. ಇಲ್ಲಿ ಪ್ರತಿ ಮೂರು ತಿಂಗಳ ಅವಧಿಯಲ್ಲೂ ಒಂದೊಂದು ಮಗುವೂ ತನ್ನದೇ ಒಂದು ಪ್ರಶ್ನೆ ಹಿಡಿಯುತ್ತದೆ. ಲೆಕ್ಕ, ಭಾಷೆ, ವಿಜ್ಞಾನ ಎಲ್ಲ ಆ ಪ್ರಶ್ನೆಯ ಬೆನ್ನು ಹತ್ತಿ ಬರುತ್ತವೆ. ನನ್ನ ತರಗತಿಯ ಒಬ್ಬ ಹುಡುಗ, ಒಬ್ಬರು ಆಕಳಿಸಿದರೆ ಪಕ್ಕದವರಿಗೂ ಯಾಕೆ ಆಕಳಿಕೆ ಬರುತ್ತದೆ ಎಂದು ಐದು ವಾರ ಪಟ್ಟಿ ಮಾಡಿದ. ಆ ಪಟ್ಟಿಯಿಂದಲೇ ಅವನು ಸರಾಸರಿ ತೆಗೆಯುವುದನ್ನು ಕಲಿತ. ಅವನ ಪಟ್ಟಿಯಲ್ಲಿ ಅತಿ ಹೆಚ್ಚು ಆಕಳಿಸಿದವಳು ನಾನು ಎಂಬುದು ಬೇರೆ ಮಾತು.

ಗದ್ದಲವಿದೆ, ಇಲ್ಲವೆನ್ನುವುದಿಲ್ಲ. ಕೆಲವು ಮಕ್ಕಳು ಪ್ರಶ್ನೆಯ ಹೆಸರಿನಲ್ಲಿ ಅಂಗಳದಲ್ಲಿ ಹಾಯಾಗಿ ಬಿದ್ದುಕೊಂಡಿರುತ್ತಾರೆ. ಆದರೂ ಇಷ್ಟು ಮಕ್ಕಳು ತಮ್ಮಷ್ಟಕ್ಕೆ ತಾವೇ ಇಷ್ಟು ಕಷ್ಟದ ಕೆಲಸ ಮಾಡುವುದನ್ನು ನಾನು ಎಲ್ಲೂ ನೋಡಿರಲಿಲ್ಲ. ಮೊದಲ ದಿನ ನಮ್ಮ ಮುಖ್ಯೋಪಾಧ್ಯಾಯಿನಿ ನನಗೆ ಕೊಟ್ಟ ಸೂಚನೆ ಒಂದೇ: "ಉತ್ತರ ಗೊತ್ತಿದ್ರೂ ಬಾಯಿಗೆ ಬೀಗ ಹಾಕ್ಕೊಳ್ಳಿ." ಇದಾದರೂ ನನ್ನಿಂದ ಆಗುತ್ತದೆ ಎಂದು ಸಮಾಧಾನಪಟ್ಟುಕೊಂಡೆ. ಅದೇ ನನ್ನಿಂದ ಆಗಲಿಲ್ಲ ನೋಡು.

ಅವಧಿಯ ಕೊನೆಗೆ ಇಲ್ಲಿ ಅಂಕಪಟ್ಟಿ ಕೊಡುವುದಿಲ್ಲ. ಅದರ ಬದಲು 'ಹೇಳುವ ದಿನ' ಎಂದು ಮಾಡುತ್ತಾರೆ. ಮಗು ನನ್ನ ದೊಡ್ಡ ಕುರ್ಚಿಯಲ್ಲಿ ಕೂರುತ್ತದೆ. ಅಪ್ಪ ಅಮ್ಮ ಎದುರಿಗೆ ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮೊಣಕಾಲು ಎದೆಗೆ ತಾಗಿಸಿಕೊಂಡು ಕೂರುತ್ತಾರೆ. ಏನು ಕಲಿತೆ, ಏನು ಕೆಡಿಸಿದೆ, ಇನ್ನೂ ಏನು ಗೊತ್ತಾಗಿಲ್ಲ ಎಂದು ಮಗುವೇ ಹೇಳಬೇಕು. ಟೀಚರು ಕಿಟಕಿಯ ಹತ್ತಿರ ಸುಮ್ಮನೆ ನಿಂತಿರಬೇಕು.

ನಿನ್ನೆ ನಮ್ಮ 'ಇರುವೆ'ಯ ಸರದಿ. ಅವಳ ಅಕ್ಷರ ಇರುವೆ ಸಾಲಿನಷ್ಟು ಚಿಕ್ಕದು, ಅದಕ್ಕೇ ಆ ಹೆಸರು. ಮಾತೂ ಅಷ್ಟೇ. ಹಾಜರಿ ಕೂಗಿದರೆ ಕೈ ಎತ್ತುತ್ತಾಳೆ, 'ಬಂದಿದ್ದೇನೆ' ಎನ್ನುವುದಿಲ್ಲ. ಚಿಕ್ಕವಳಿದ್ದಾಗ ನಾನು ಹೇಗಿದ್ದೆನೋ ಥೇಟ್ ಹಾಗೆ.

ಅವಳಪ್ಪ ನೆಲಕ್ಕೆ ಕಲ್ಲು ಹಾಸುವ ಮೇಸ್ತ್ರಿ. ಹೋದ ತಿಂಗಳೇ ಒಮ್ಮೆ ಬಂದು ಹೇಳಿದ್ದರು: "ನೋಡಿ ಮಿಸ್, ನಮ್ಮ ಹುಡುಗಿ ಎಷ್ಟನೆಯವಳು ಅಂತ ನಂಗೆ ಗೊತ್ತಾಗ್ಬೇಕು. ಇಲ್ಲಾಂದ್ರೆ ಮುಂದಿನ ವರ್ಷ ಬೇರೆ ಕಡೆ ಹಾಕ್ತೀನಿ." ಆ ಮನುಷ್ಯನೆದುರು ಇವಳು ಬಾಯಿ ಬಿಡದಿದ್ದರೆ ಏನು ಗತಿ ಎಂದು ನನಗೆ ಚಿಂತೆ ಹತ್ತಿತು. ನಾನೇ ಅವಳ ಮಾತನ್ನೆಲ್ಲ ಒಂದು ರಟ್ಟಿನ ಮೇಲೆ ಬರೆದುಕೊಟ್ಟೆ. ಅಂದವಾಗಿ, ಏಳು ವಾಕ್ಯ. ಇಲ್ಲಿ ಯಾವ ಟೀಚರೂ ಮಾಡಬಾರದ ಕೆಲಸ ಅದು. ಯಾರಿಗೂ ಹೇಳಲಿಲ್ಲ.

ಅವಳು ಕುರ್ಚಿಯಲ್ಲಿ ಕೂತಳು, ಕಾಲು ನೆಲಕ್ಕೆ ಎಟುಕಲಿಲ್ಲ. ರಟ್ಟನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಒಂದು ನಿಮಿಷ ಮಾತಿಲ್ಲ, ಎರಡು ನಿಮಿಷ ಮಾತಿಲ್ಲ. ಮೇಸ್ತ್ರಿ ಗಡಿಯಾರ ನೋಡಿದರು. ಅವರ ಹೆಂಡತಿ ಕಣ್ಣಲ್ಲೇ ಮಗಳಿಗೆ 'ಹೇಳೇ' ಎಂದರು. ಬಾಗಿಲ ಬಳಿ ಮುಖ್ಯೋಪಾಧ್ಯಾಯಿನಿ ಕೈಕಟ್ಟಿ ನಿಂತಿದ್ದರು. ನನ್ನಿಂದ ತಡೆಯಲಾಗಲಿಲ್ಲ. "ಅವಳಿಗೆ ಸ್ವಲ್ಪ ಸಂಕೋಚ, ನಾನೇ ಹೇಳ್ತೀನಿ..." ಎಂದುಬಿಟ್ಟೆ.

ಅಮ್ಮ, ಅದು ನಿನ್ನ ಮಾತು, ನಿನ್ನ ದನಿಯಲ್ಲೇ ಬಂತು. ಡಾಕ್ಟರ ಹತ್ತಿರ, ಅಂಗಡಿಯಲ್ಲಿ, ಕಾಲೇಜಿಗೆ ಸೇರುವಾಗ ನೀನು ನನ್ನ ಮುಂದೆ ನಿಂತು ಹೇಳುತ್ತಿದ್ದೆಯಲ್ಲ, ಅದೇ.

ಇರುವೆ ತಿರುಗಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಲೆಕ್ಕ ಮಾಡುವಾಗ ನಡುವೆ ಕರೆದರೆ ನೋಡುತ್ತಾರಲ್ಲ, ಹಾಗೆ. "ಮಿಸ್, ನಾನಿನ್ನೂ ಯೋಚನೆ ಮಾಡ್ತಿದೀನಿ" ಎಂದಳು.

ಆಮೇಲೆ ಕುರ್ಚಿಯಿಂದ ಇಳಿದು, "ಇಲ್ಲಿ ಕೂತ್ಕೊಂಡು ಹೇಳಕ್ಕಾಗಲ್ಲ. ಮೆಟ್ಟಿಲ ಹತ್ರ ಬನ್ನಿ" ಎಂದು ಹೊರಟೇಬಿಟ್ಟಳು. ನಾವೆಲ್ಲ ಅವಳ ಹಿಂದೆ.

ನಮ್ಮ ಕಟ್ಟಡ ಹಳೆಯದು, ಮೊದಲು ಯಾವುದೋ ಸರ್ಕಾರಿ ಕಚೇರಿಯಾಗಿತ್ತಂತೆ. ಮೆಟ್ಟಿಲು ಕಲ್ಲಿನವು. ಯಾವ ಮೆಟ್ಟಿಲು ಎಷ್ಟು ಸವೆದಿದೆ ಎಂಬುದೇ ಅವಳ ಪ್ರಶ್ನೆ. ಮೆಟ್ಟಿಲಿಗೆ ಅಡ್ಡಲಾಗಿ ಒಂದು ಮರದ ಪಟ್ಟಿ ಇಟ್ಟು, ಅದರಡಿಯ ಸಂದಿಯಲ್ಲಿ ಎಷ್ಟು ರಟ್ಟಿನ ಚೂರು ತೂರುತ್ತವೆ ಎಂದು ಎಣಿಸಿ ಅಳೆದಿದ್ದಳು. ಕೆಳಗಿನ ಮೆಟ್ಟಿಲುಗಳೆಲ್ಲ ನಡುವೆ ಸವೆದಿವೆ. ಮೇಲಿನ ಏಳು ಮಾತ್ರ ಗೋಡೆಯ ಪಕ್ಕದಲ್ಲಿ ಸವೆದಿವೆ.

ಕಲ್ಲಿನ ಮಾತು ಬಂದಿದ್ದೇ ಮೇಸ್ತ್ರಿ ಅಂಕವನ್ನು ಮರೆತರು. ಮೊಣಕಾಲೂರಿ ಅಂಗೈಯಿಂದ ಸವರಿ ನೋಡಿದರು. "ಕಲ್ಲು ಎಲ್ಲಾ ಒಂದೇ. ಹಿಡಿಕೆ ಆ ಕಡೆ ಇದ್ದಿರ್ಬೇಕು ಕಣೇ, ಜನ ಹಿಡ್ಕೊಂಡು ಹತ್ತಿರ್ತಾರೆ."

"ಹಿಡಿಕೆ ಈ ಕಡೆ ಇದೆ ಅಪ್ಪ. ಮೊದಲಿಂದ್ಲೂ ಈ ಕಡೆನೇ. ವಾಚ್‌ಮನ್ ತಾತನ್ನ ಕೇಳಿದೀನಿ."

"ಮತ್ತೆ ಹಿಡಿಕೆ ಬಿಟ್ಟು ಗೋಡೆಗ್ಯಾಕೆ ಅಂಟ್ಕೊಂಡ್ರು?"

"ಭಯಕ್ಕೆ."

ಮೇಲಿನ ಕೋಣೆ ಆಗ ದೊಡ್ಡ ಸಾಹೇಬರದಂತೆ. ಈಗ ಅದು ಮುಖ್ಯೋಪಾಧ್ಯಾಯಿನಿಯ ಕೋಣೆ; ದಿನಾ ಬೆಳಿಗ್ಗೆ ಟೀಚರುಗಳು ಸಹಿ ಹಾಕುವ ಪುಸ್ತಕವೂ ಅಲ್ಲೇ. ಬರೀ ಊಹೆ ಬೇಡವೆಂದು ಇರುವೆ ಎರಡು ವಾರ ಕೆಳಗೆ ಕೂತು, ಯಾರು ಎಲ್ಲಿ ಕಾಲಿಟ್ಟು ಹತ್ತುತ್ತಾರೆಂದು ಬರೆದುಕೊಂಡಿದ್ದಳು. ಚಾವಣಿಗೆ ಆಡಲು ಹೋಗುವವರು ನಡುವೆ, ಆಫೀಸಿಗೆ ಕರೆಸಿಕೊಂಡವರು ಗೋಡೆ ಪಕ್ಕ. ಹಾಳೆ ತಿರುವಿ ಆ ಸಣ್ಣ ದನಿಯಲ್ಲೇ ಓದಿದಳು: "ಹೊಸ ಮಿಸ್, ಸೋಮವಾರ ಗೋಡೆ. ಮಂಗಳವಾರ ಗೋಡೆ. ಬುಧವಾರ ಗೋಡೆ. ಗುರುವಾರ ರಜಾ. ಶುಕ್ರವಾರ ಗೋಡೆ."

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮೊದಲು ನಕ್ಕಿದ್ದು ಮೇಸ್ತ್ರಿಯ ಹೆಂಡತಿ. ಮುಖ್ಯೋಪಾಧ್ಯಾಯಿನಿ ಮಾತ್ರ ನಗಲಿಲ್ಲ. ಆ ಏಳು ಮೆಟ್ಟಿಲುಗಳನ್ನೇ ನೋಡುತ್ತಾ ನಿಂತರು. "ಇಷ್ಟು ವರ್ಷ ಈ ಕೋಣೇಲಿ ಕೂತಿದೀನಿ, ನಂಗೆ ಇದು ಕಾಣ್ಲೇ ಇಲ್ವಲ್ಲ" ಎಂದರು. ಮೇಸ್ತ್ರಿ ಅಷ್ಟರಲ್ಲಿ ಜೇಬಿನಿಂದ ಟೇಪು ತೆಗೆದು, "ರಟ್ಟಲ್ಲಿ ಅಳೆದ್ರೆ ಒತ್ತಿದಷ್ಟೂ ಒಳಗೆ ಹೋಗುತ್ತೆ, ಪೆದ್ದಿ. ಹಿಂಗೆ ಹಿಡೀಬೇಕು" ಎಂದು ಮಗಳ ಕೈಗೆ ಕೊಟ್ಟರು. ಇಬ್ಬರೂ ಮತ್ತೆ ಮೊದಲ ಮೆಟ್ಟಿಲಿನಿಂದ ಅಳೆಯತೊಡಗಿದರು. ಮುಂದಿನ ಮಗುವಿನ ಸರದಿ ಅರ್ಧ ಗಂಟೆ ತಡವಾಯಿತು. ಹೋಗುವಾಗ ಮೇಸ್ತ್ರಿ ನನ್ನತ್ತ ಬೆರಳು ತೋರಿಸಿ ಎಚ್ಚರಿಸಿದರು: "ಅಂಕದ ಮಾತು ನಾನು ಬಿಟ್ಟಿಲ್ಲ ಮಿಸ್. ಮುಂದಿನ ವರ್ಷ ಕೇಳ್ತೀನಿ." ಮುಂದಿನ ವರ್ಷವೂ ಅವಳು ಇಲ್ಲೇ ಇರುತ್ತಾಳೆ ಎಂದು ಆಮೇಲೆ ಹೊಳೆಯಿತು.

ಇಷ್ಟು ದಿನ ನಿನಗೆ ಹೇಳದ ಮಾತೊಂದಿದೆ. ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸದ ಅರ್ಜಿಯನ್ನು ನೀನು ತುಂಬಿ ನನಗೆ ಕಳಿಸಿದಾಗ ನಿಜಕ್ಕೂ ಹಾಯೆನಿಸಿತ್ತು. ಮಾವ ಕೆಲಸ ಮಾಡುವ ಜಾಗ, ಒಂದು ಮೇಜು, ಕಾಗದ, ಕೆಂಪು ಪೆನ್ನು, ಯಾರೊಂದಿಗೂ ಮಾತಿಲ್ಲ. ನನ್ನ ಸಹಿಯೊಂದೇ ಬಾಕಿ. ಹದಿನೈದು ದಿನದಿಂದ ಅದನ್ನು ಚೀಲದಲ್ಲಿಟ್ಟುಕೊಂಡೇ ಗೋಡೆ ಸವರುತ್ತಾ ಈ ಮೆಟ್ಟಿಲು ಹತ್ತಿದ್ದೇನೆ. ಈ ಕೆಲಸ ಬಿಡುವ ಕಾರಣ ಎಂಬ ಕಡೆ ನೀನು 'ಮಾತನಾಡಲು ಬರುವುದಿಲ್ಲ' ಎಂದು ಬರೆದಿದ್ದೀಯ. ಬೇಸರಕ್ಕೆ ಹೇಳುತ್ತಿಲ್ಲ ಅಮ್ಮ. ನಾನೂ ಅದನ್ನೇ ನಂಬಿದ್ದೆ.

ಮೂರು ತಿಂಗಳು ಮುಗಿಸಿದ ಹೊಸ ಟೀಚರಿಗೂ ಇಲ್ಲಿ ಹೇಳುವ ದಿನವಿದೆ. ಏನು ಕಲಿತೆ, ಏನು ಕೆಡಿಸಿದೆ, ಏನು ಗೊತ್ತಾಗಿಲ್ಲ. ಕೆಡಿಸಿದ್ದರಲ್ಲಿ ಮೊದಲು ನಾನು ಬರೆದುಕೊಟ್ಟ ಆ ರಟ್ಟಿನ ಕತೆ ಹೇಳಬೇಕು. ಮುಂದಿನ ಶನಿವಾರ ಹತ್ತು ಗಂಟೆಗೆ ನನ್ನ ಸರದಿ. ಮನೆಯವರನ್ನು ಕರೆಯಬಹುದು. ನೀನು ಬಾ. ಪುಟ್ಟ ಕುರ್ಚಿ, ಮಂಡಿ ಸ್ವಲ್ಪ ನೋಯಬಹುದು. ನಾನು ಒಂದೆರಡು ನಿಮಿಷ ಸುಮ್ಮನಿದ್ದರೆ ಗಾಬರಿಯಾಗಬೇಡ, ನೀನೂ ಸುಮ್ಮನಿರು.

ನಿನ್ನ ಮಗಳು

ಮರೆತಿದ್ದೆ: ಅರ್ಜಿಯ ವಿಷಯ ಮಾವನಿಗೆ ನೀನು ಹೇಳಬೇಕಾಗಿಲ್ಲ. ಇವತ್ತು ಮಧ್ಯಾಹ್ನ ನಾನೇ ಫೋನ್ ಮಾಡಿ, ನನಗೆ ಆ ಕೆಲಸ ಬೇಡ ಎಂದು ಹೇಳಿದೆ. "ಯಾರು ಮಾತಾಡ್ತಿರೋದು?" ಎಂದು ಅವನು ಎರಡು ಸಲ ಕೇಳಿದ. ನನ್ನ ಇಪ್ಪತ್ಮೂರು ವರ್ಷದಲ್ಲಿ ಫೋನಿನಲ್ಲಿ ನನ್ನ ದನಿಯನ್ನು ಅವನು ಒಮ್ಮೆಯೂ ಕೇಳಿರಲಿಲ್ಲವಂತೆ.