ದಾಟು, ಇಳಿ

ಮನೆ, ಕಿಟಕಿ ಪಕ್ಕದ ಮೇಜು
ಭಾನುವಾರ, ತಾರೀಕು ಹದಿನಾಲ್ಕು

ಪ್ರೀತಿಯ ಅಕ್ಕಾ,

ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತುವುದನ್ನು ನಿಜವಾಗಿ ಬಿಟ್ಟಿದ್ದೀಯೋ, ಬಿಟ್ಟೆ ಅಂತ ಭಾವನಿಗೆ ಹೇಳಿ ಹತ್ತುತ್ತಿದ್ದೀಯೋ? ನಾನು ಚೆನ್ನಾಗಿದ್ದೇನೆ, ಸ್ವಲ್ಪ ಸುಸ್ತು ಅಷ್ಟೆ. ಅಕ್ಷರ ಕೋಳಿ ಕೆದಕಿದ ಹಾಗಿದೆ ಅಂತ ಬೈಯಬೇಡ. ಪೆನ್ನು ಸರಿಯಿಲ್ಲ.

ಕಚೇರಿಯ ಸುದ್ದಿಯನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ. ಆಸ್ಪತ್ರೆಯಲ್ಲಿ ಡ್ರಿಪ್ಪಿನ ಹನಿ ಎಣಿಸುವ ಯಂತ್ರವಿದೆಯಲ್ಲ, ಅದರೊಳಗಿನ ಪ್ರೋಗ್ರಾಂ ಹದಿನೇಳು ವರ್ಷದಿಂದ ನನ್ನ ಕೈಯಲ್ಲಿದೆ. ಈಚೆಗೆ ಅದು ಯಾವಾಗಲೋ ಒಮ್ಮೆ ಒಂದೇ ಹನಿಯನ್ನು ಎರಡು ಅಂತ ಎಣಿಸುತ್ತದೆ. ಇಂಥ ತಪ್ಪು ಹಿಡಿಯಲು ನಮ್ಮ ಬಳಿ ಡಿಬಗ್ಗರ್ ಅಂತ ಒಂದು ಸಾಧನ. ಓಡುತ್ತಿರುವ ಪ್ರೋಗ್ರಾಮನ್ನು ಬೇಕಾದ ಸಾಲಿನಲ್ಲಿ ಬಲೆ ಹಾಕಿ ತಡೆದು ನಿಲ್ಲಿಸಿ, ಒಂದೊಂದೇ ಹೆಜ್ಜೆ ನಡೆಸಿ ನೋಡಬಹುದು. ಹೆಜ್ಜೆ ಇಡಿಸಲು ಎರಡು ಕೀ, ಬಲಗಡೆ ಮೇಲ್ಸಾಲಿನಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ. ಒಂದನ್ನು ಒತ್ತಿದರೆ ಸಾಲನ್ನು ದಾಟಿ ಮುಂದಕ್ಕೆ ಹೋಗುತ್ತದೆ. ಇನ್ನೊಂದನ್ನು ಒತ್ತಿದರೆ ಸಾಲಿನ ಒಳಗೇ ಇಳಿದು, ಅಲ್ಲಿ ನಡೆಯುವುದನ್ನೆಲ್ಲ ತೋರಿಸುತ್ತದೆ. ದಾಟು, ಇಳಿ ಅಂತ ನಾವು ಕರೆಯುವುದು. ಒಮ್ಮೆ ದಾಟಿದರೆ ಮುಗಿಯಿತು, ಹಿಂದಕ್ಕೆ ಬರುವ ಕೀ ಇಲ್ಲ.

ಒಂಬತ್ತು ದಿನ ಬಲೆ ಹಾಕಿ ಕೂತಿದ್ದೆ. ಎರಡನೇ ತಾರೀಕು, ಮಂಗಳವಾರ ಊಟವಾದ ಮೇಲೆ ತಪ್ಪು ಬಂದು ಬಲೆಗೆ ಬಿತ್ತು. ಎಲ್ಲರೂ ನನ್ನ ಕುರ್ಚಿಯ ಹಿಂದೆ ಬಂದು ನಿಂತರು. ನಾನು ಇಳಿಯುವ ಬದಲು ದಾಟಿಬಿಟ್ಟೆ, ತಪ್ಪು ಕೈಜಾರಿತು. ನಮ್ಮ ಮ್ಯಾನೇಜರಿಗೆ ಗಡಿಯಾರ ಅಂತ ಹೆಸರಿಟ್ಟಿದ್ದೇವೆ, ಮಾತಿಗೊಮ್ಮೆ ಮಣಿಕಟ್ಟು ನೋಡಿಕೊಳ್ಳುವುದರಿಂದ. ಅವರೆಂದರು, "ಅಯ್ಯೋ, ಒಂಬತ್ತು ದಿನ ಕಾದು, ಬಸ್ಸು ಬಂದಾಗ ಬಗ್ಗಿ ಚಪ್ಪಲಿ ಸರಿಮಾಡ್ಕೊಂಡ ಹಾಗಾಯ್ತಲ್ರೀ!" ಆಮೇಲೆ ಮೆತ್ತಗೆ, ಈ ತಿಂಗಳಲ್ಲಿ ಸಿಗದಿದ್ದರೆ ಕೆಲಸವನ್ನು ಮೇಲಿನ ಮಹಡಿಯವರಿಗೆ ಕೊಡೋಣ, "ನಿಮಗೂ ಸ್ವಲ್ಪ ರೆಸ್ಟ್ ಆಗತ್ತೆ" ಎಂದರು. ಹೋದ ವರ್ಷ ಮೂವರಿಗೆ ರೆಸ್ಟ್ ಕೊಟ್ಟರು. ಮೂವರೂ ಇನ್ನೂ ರೆಸ್ಟಿನಲ್ಲೇ ಇದ್ದಾರೆ.

ಲಕೋಟೆಗಳ ಮೇಲೆ ವಿಳಾಸ ಟೈಪು ಮಾಡುತ್ತಾ ಆ ಕಟ್ಟಡದೊಳಗೆ ಕಾಲಿಟ್ಟವಳು ನಾನು. ಬೇರೆಯವರ ಪ್ರೋಗ್ರಾಂ ಟೈಪು ಮಾಡಿ ಮಾಡಿಯೇ ನನ್ನದೊಂದನ್ನು ಬರೆಯಲು ಕಲಿತೆ. ಅಷ್ಟು ಸುಲಭಕ್ಕೆ ಬಿಡುತ್ತೇನೆಯೇ? ತಪ್ಪು ಬೆರಳಿನದಲ್ಲ, ಕೀಗಳದು ಎಂದೆ. "ಉಪ್ಪು, ಸಕ್ಕರೆ ಒಂದೇ ಥರದ ಡಬ್ಬೀಲಿ ಇಟ್ಟು ಅಡುಗೆ ಮಾಡೋರನ್ನ ಬೈತೀರಾ?" ಅಂತ ಕೇಳಿದ್ದಕ್ಕೆ ಗಡಿಯಾರ ಮಣಿಕಟ್ಟು ನೋಡಿಕೊಳ್ಳುವುದನ್ನೇ ಮರೆತರು. ಒಂದೂವರೆ ಪುಟ ಬರೆದುಕೊಟ್ಟೆ. ಇಳಿ ಎಂಬುದನ್ನು ಎಡಗಡೆ ಮೂಲೆಗೆ ಸಾಗಿಸಬೇಕು. ಬಲೆಗೆ ಬಿದ್ದ ಸಾಲಿನಲ್ಲಿ ದಾಟು ಒತ್ತಿದರೆ, ನಿಜವಾಗಿ ದಾಟಬೇಕೇ ಎಂದು ಯಂತ್ರವೇ ಕೇಳಬೇಕು. ಹನ್ನೊಂದು ಕಂಪ್ಯೂಟರುಗಳಲ್ಲೂ ಹಾಗೇ ಬದಲಾಯಿತು. ಪಕ್ಕದ ಮೇಜಿನ ಕನ್ನಡಕದವಳು ಸಿಡುಕಿದಳು. "ಇಪ್ಪತ್ತು ವರ್ಷದ ಅಭ್ಯಾಸ ಕಣ್ರೀ, ನಿಮ್ಮಿಂದ ನನ್ನ ಬೆರಳು ಮತ್ತೆ ಒಂದನೇ ಕ್ಲಾಸಿಗೆ ಹೋಗ್ಬೇಕಾ?" ಎರಡು ದಿನ ಬಿಟ್ಟು ಅವಳೇ ಕಾಫಿ ತಂದಿಟ್ಟು, ತಾನೂ ಎಷ್ಟೋ ಸಲ ಹೀಗೇ ತಪ್ಪಿ ಬಾಯಿಮುಚ್ಚಿಕೊಂಡಿದ್ದೆ ಎಂದಳು. ಲೆಕ್ಕ ಹಾಕಿದೆ, ಹನ್ನೊಂದರಲ್ಲಿ ಏಳು ಜನ ಒಪ್ಪಿಕೊಂಡರು.

ಮೊನ್ನೆ ಶುಕ್ರವಾರ ಮತ್ತೆ ಬಿತ್ತು. ಎಡಗೈಯಿಂದ ಇಳಿದೆ, ಸಿಕ್ಕಿತು. ಬೀಳುವ ಹನಿ ಒಂದೊಂದು ಸಲ ನಡುಗುತ್ತದೆ. ಆ ನಡುಕವನ್ನೇ ಪ್ರೋಗ್ರಾಂ ಇನ್ನೊಂದು ಹನಿ ಅಂದುಕೊಳ್ಳುತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮನೆಗೆ ಬಂದು ಮಲಗಿದರೆ ಸಾಕಾಗಿತ್ತು. ರೆಸ್ಟಿನ ಮಾತು ಸದ್ಯಕ್ಕೆ ನಿಂತಿದೆ.

ನಿನ್ನ ಟೈಪಿಂಗ್ ಕ್ಲಾಸು ನೆನಪಾಗುತ್ತಿರುತ್ತದೆ. ನನ್ನ ಕೈಗಳ ಮೇಲೆ ಟವೆಲ್ ಹೊದಿಸಿ, "ಗೋಡೆ ನೋಡೇ, ಬೆರಳಿಗೆ ತನ್ನ ಮನೆ ಗೊತ್ತಿದೆ" ಅನ್ನುತ್ತಿದ್ದೆಯಲ್ಲ. ಒಮ್ಮೆಯೂ ಕೀ ನೋಡಿ ಹೊಡೆದವಳಲ್ಲ ನಾನು.

ಭಾವನಿಗೆ ನಮಸ್ಕಾರ ತಿಳಿಸು. ಮಂಡಿಗೆ ಬಿಸಿನೀರಿನ ಶಾಖ ತಪ್ಪಿಸಬೇಡ.

ಇತಿ ನಿನ್ನ ತಂಗಿ,
ಪುಟ್ಟಿ

ಮರೆತಿದ್ದೆ: ಮರೆತಿರಲಿಲ್ಲ, ದಾಟಿಹೋಗಲು ನೋಡಿದೆ. ಆ ಏಳು ಜನ ಅವಸರದಲ್ಲಿ ತಪ್ಪಿದವರು. ನನಗೆ ಎರಡು ತಿಂಗಳಿಂದ ಬಲಗೈಯ ಮೂರು ಬೆರಳಿಗೆ ಕೀ ಮುಟ್ಟಿದ್ದೇ ಗೊತ್ತಾಗುತ್ತಿಲ್ಲ ಅಕ್ಕಾ. ಈಗ ಪ್ರತಿ ಕೀಯನ್ನೂ ನೋಡಿ ಹೊಡೆಯುತ್ತೇನೆ. ಇಲ್ಲಿ ಯಾರಿಗೂ ಹೇಳಿಲ್ಲ, ಮನೆಯವರಿಗೂ ಇಲ್ಲ. ಇಪ್ಪತ್ತೈದನೇ ತಾರೀಕು ಗುರುವಾರ ನರದ ಡಾಕ್ಟರು ಬರಹೇಳಿದ್ದಾರೆ. ಮಂಡಿ ಒಪ್ಪಿದರೆ ಬುಧವಾರವೇ ಬಂದುಬಿಡು. ಪೆನ್ನು ಹೊಸದು.